‘ತಿಂಡಿ ಆಯ್ತಾ?’ ಅಂತ ಅವರನ್ನೂ ಕೇಳೋಣ

ಬೆಳಗ್ಗೆ ಎಂಟೂವರೆಗೆ ಯಾವುದೇ ಎಂಜಿನಿಯರಿಂಗ್ ಕಾಲೇಜಿನ ಗೇಟ್ ಹತ್ರ ಐದು ನಿಮಿಷ ನಿಂತು ಕೇಳಿ. “ಏನ್ ಮಗಾ, ರೆಕಾರ್ಡ್ ಬರ್ದಾ?” “ಗುರು, ತಿಂಡಿ ಆಯ್ತಾ?” “ಏನೇ, ನಿನ್ನೆ ಕಾಣ್ಲೇ ಇಲ್ಲ?” ಬೆಳಗಾವಿ ಕಡೆ ಹುಡುಗರಾದ್ರೆ “ಆರಾಮ್ ಅದಿ ಏನ್ಲೇ?” ಮಧ್ಯಾಹ್ನದ ಹೊತ್ತಿಗೆ ಮಂಗಳೂರಿನ ಇಬ್ಬರು ಎದುರಾದ್ರೆ ತುಳುವಿನಲ್ಲಿ “ವಣಸ್ ಆಂಡಾ?” ಲೆಕ್ಚರರ್ ಬಂದ್ರೆ ಎಲ್ಲರೂ ಒಟ್ಟಿಗೆ “ಗುಡ್ ಮಾರ್ನಿಂಗ್ ಸರ್.”

ಇದರಲ್ಲಿ ಒಂದಾದ್ರೂ ನಿಜವಾದ ಪ್ರಶ್ನೆ ಇದೆಯಾ? ತಿಂಡಿ ಆಯ್ತಾ ಅಂತ ಕೇಳಿದವನಿಗೆ ನೀವು ಇಡ್ಲಿ ತಿಂದ್ರೋ ಚಿತ್ರಾನ್ನ ತಿಂದ್ರೋ ಅನ್ನೋದು ಬೇಕಾಗಿಲ್ಲ. “ಆಯ್ತು, ನಿಂದು?” ಅಂದ್ರೆ ಮುಗೀತು. ಕಂಪ್ಯೂಟರ್ ನೆಟ್‌ವರ್ಕ್ಸ್ ಕ್ಲಾಸಿನ ಭಾಷೆಯಲ್ಲಿ ಹೇಳೋದಾದ್ರೆ ಇದು ‘ಪಿಂಗ್’. ಪ್ಯಾಕೆಟ್ ಒಳಗೆ ಏನಿದೆ ಅನ್ನೋದು ಮುಖ್ಯ ಅಲ್ಲ, ಆ ಕಡೆಯಿಂದ ವಾಪಸ್ ಬಂತಾ ಅನ್ನೋದಷ್ಟೇ ಮುಖ್ಯ. ನೀನು ಇದ್ದೀಯ, ನಾನೂ ಇದ್ದೀನಿ, ನಮ್ಮಿಬ್ಬರ ನಡುವೆ ಲೈನ್ ಸರಿ ಇದೆ. ಇಷ್ಟನ್ನೇ ನಾವು ದಿನಕ್ಕೆ ಹತ್ತು ಸಲ ಬೇರೆ ಬೇರೆ ಮಾತಿನಲ್ಲಿ ಹೇಳ್ತಾ ಇರ್ತೀವಿ.

ಈಗ ಅದೇ ಗೇಟಿನಲ್ಲಿ ತಾಂಜಾನಿಯಾದ ಅಥವಾ ಸುಡಾನಿನ ವಿದ್ಯಾರ್ಥಿ ಒಳಗೆ ಬರ್ತಾನೆ ಅಂದ್ಕೊಳ್ಳಿ. ಅವನಿಗೂ ಜನ ಮಾತಾಡಿಸ್ತಾರೆ, ಇಲ್ಲ ಅಂತಲ್ಲ. ಆದ್ರೆ ಅವನಿಗೆ ಸಿಗೋ ಮಾತುಗಳ ಪಟ್ಟಿಯೇ ಬೇರೆ. “ಹಲೋ ಬ್ರೋ, ವಿಚ್ ಕಂಟ್ರಿ?” “ನೈಜೀರಿಯಾ?” “ಬ್ರೋ, ಒಂದ್ ಸೆಲ್ಫಿ.” ಸ್ವಲ್ಪ ದೂರದಲ್ಲಿ ನಿಂತವರಿಂದ ಹೆಸರಿಲ್ಲದ ಒಂದು ಕೂಗು, ಆಮೇಲೆ ನಗು. ಇವೂ ಮೇಲ್ನೋಟಕ್ಕೆ ಮಾತಾಡಿಸೋದೇ. ಆದರೆ ನಮ್ಮ ‘ತಿಂಡಿ ಆಯ್ತಾ’ ಕೇಳೋದು ಮನುಷ್ಯನನ್ನು, ಇವು ಕೇಳೋದು ಮುಖವನ್ನು. ಈ ಲೇಖನ ಇರೋದು ಆ ವ್ಯತ್ಯಾಸದ ಬಗ್ಗೆ.

ಉತ್ತರ ಬೆಂಗಳೂರಿನಲ್ಲಿ ಓದುವ ನಮಗೆ ಇದು ದೂರದ ವಿಷಯ ಅಲ್ಲ. ಹೆಬ್ಬಾಳದಾಚೆ ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದಲ್ಲಿ ವಿದೇಶಿ ವಿದ್ಯಾರ್ಥಿಗಳಿದ್ದಾರೆ. ಯಶವಂತಪುರ ದಾಟಿ ತುಮಕೂರು ರಸ್ತೆ ಹಿಡಿದು, ಎಂಟನೇ ಮೈಲಿಯಲ್ಲಿ ಬಲಕ್ಕೆ ತಿರುಗಿದರೆ ಸಿಗುವ ಹೆಸರಘಟ್ಟ ರಸ್ತೆಯ ಕಾಲೇಜುಗಳಲ್ಲಿ ಆಫ್ರಿಕಾದ ಎಷ್ಟೋ ದೇಶಗಳವರು ಓದ್ತಾರೆ. ಯಲಹಂಕ, ಆರ್.ಟಿ. ನಗರದ ಬಾಡಿಗೆ ಮನೆಗಳಲ್ಲೂ ಇದ್ದಾರೆ. ಇವರಿಗೆಲ್ಲ ಸರ್ಕಾರ ಮಾತ್ರ ಬಹಳ ಬೇಗ ‘ನಮಸ್ಕಾರ’ ಹೇಳುತ್ತೆ. ವಿದೇಶಿಯರು ಬಂದು ಇಳಿದುಕೊಂಡ 24 ಗಂಟೆಯೊಳಗೆ ಜಾಗ ಕೊಟ್ಟವರು ಫಾರಂ ತುಂಬಿ ಕಳಿಸಬೇಕು. 180 ದಿನಕ್ಕಿಂತ ಹೆಚ್ಚಿನ ವಿದ್ಯಾರ್ಥಿ ವೀಸಾದಲ್ಲಿ ಬಂದವರು 14 ದಿನದೊಳಗೆ ವಿದೇಶಿಯರ ನೋಂದಣಿ ಕಚೇರಿಯಲ್ಲಿ ಹೆಸರು ಬರೆಸಬೇಕು. ಕಾನೂನು ಅಂದಮೇಲೆ ಇದು ಇರಲೇಬೇಕು, ತಕರಾರಿಲ್ಲ. ಆದರೆ ಪಕ್ಕದ ಬೆಂಚಿನವನು ‘ತಿಂಡಿ ಆಯ್ತಾ’ ಅಂತ ಎಷ್ಟು ದಿನದೊಳಗೆ ಕೇಳಬೇಕು ಅನ್ನೋದಕ್ಕೆ ಯಾವ ಫಾರಮ್ಮೂ ಇಲ್ಲ. ಹಾಗಾಗಿ ಕೆಲವರಿಗೆ ನಾಲ್ಕು ವರ್ಷ ಕಳೆದರೂ ಆ ಮಾತು ಸಿಗೋದೇ ಇಲ್ಲ.

ಇಲ್ಲಿ ಯಾರಾದ್ರೂ ತಡೆದು ಕೇಳಬಹುದು: “ಅಲ್ರೀ, ‘ಯಾವ ಊರು ನಿಮ್ದು?’ ಅಂತ ನಾವು ಎಲ್ಲರನ್ನೂ ಕೇಳ್ತೀವಿ. ಬಸ್ಸಲ್ಲಿ ಪಕ್ಕ ಕೂತವರನ್ನು ಊರು, ಮನೆತನ, ಸಂಬಳ, ಮದುವೆ ಎಲ್ಲಾ ವಿಚಾರಿಸೋ ಜನ ನಾವು. ಫಾರಿನರ್‌ನ ದೇಶ ಕೇಳಿದ್ರೆ ಏನು ತಪ್ಪು?”

ಕೇಳೋದು ತಪ್ಪಲ್ಲ. ಕೇಳಿದ ಮೇಲೆ ಏನಾಗುತ್ತೆ ಅಂತ ನೋಡಿ. “ಯಾವ ಊರು?” “ಮದ್ದೂರು.” “ಓ ಮದ್ದೂರಾ! ನಮ್ಮ ಚಿಕ್ಕಮ್ಮನ್ನ ಅಲ್ಲೇ ಕೊಟ್ಟಿರೋದು. ಸ್ಟೇಷನ್ ಹತ್ರಾನಾ? ವಡೆ ಈಗ್ಲೂ ಹಾಗೇ ಇದೆಯಾ?” ಊರಿನ ಹೆಸರು ಸಿಕ್ಕ ಕೂಡಲೇ ಅದರ ಬಾಲ ಹಿಡಿದು ಸಂಬಂಧ ಹುಡುಕೋದು ನಮ್ಮ ಪದ್ಧತಿ. ಊರು ಅನ್ನೋದು ಮಾತಿನ ಬಾಗಿಲು. ಅದೇ ಪ್ರಶ್ನೆಗೆ “ತಾಂಜಾನಿಯಾ” ಅಂತ ಉತ್ತರ ಬಂದ್ರೆ? “ಓ, ಆಫ್ರಿಕಾ. ಓಕೆ ಬ್ರೋ.” ಮುಗೀತು. ಬಾಗಿಲು ತೆಗೆಯೋಕೆ ಅಂತ ಇದ್ದ ಪ್ರಶ್ನೆಯೇ ಇಲ್ಲಿ ಬಾಗಿಲು ಹಾಕಿಬಿಡುತ್ತೆ. ತಾಂಜಾನಿಯಾದಲ್ಲಿ ಯಾವ ಊರು, ಸಮುದ್ರದ ಪಕ್ಕದ್ದಾ, ಕಿಲಿಮಂಜಾರೋ ಕಡೆಯದಾ, ಮನೇಲಿ ಯಾರ್ಯಾರಿದ್ದಾರೆ ಅಂತ ಮದ್ದೂರಿನವನನ್ನು ಕೇಳಿದ ಹಾಗೆ ಎರಡನೇ ಪ್ರಶ್ನೆ ಕೇಳುವವರು ಕಡಿಮೆ.

ಇನ್ನೊಂದು ಲೆಕ್ಕ ಇದೆ. ಮದ್ದೂರಿನವನನ್ನು ಈ ಕ್ಯಾಂಪಸ್ಸಿನಲ್ಲಿ ಊರು ಕೇಳೋದು ಮೊದಲ ವಾರ ಮಾತ್ರ. ಹೊರದೇಶದವನನ್ನು ಪ್ರತಿದಿನ ಕೇಳ್ತಾರೆ: ಅಂಗಡಿಯವರು, ಆಟೋದವರು, ಹೆಬ್ಬಾಳದಲ್ಲಿ ಬಸ್ಸಿಗೆ ಕಾಯ್ತಿರೋರು, ಲಿಫ್ಟಿನಲ್ಲಿ ಸಿಕ್ಕವರು. ದಿನಕ್ಕೆ ಐದೇ ಸಲ ಅಂತಿಟ್ಟುಕೊಂಡು, ವರ್ಷಕ್ಕೆ ಇನ್ನೂರು ಕಾಲೇಜು ದಿನ ಹಿಡಿದರೆ, ನಾಲ್ಕು ವರ್ಷಕ್ಕೆ ನಾಲ್ಕು ಸಾವಿರ ಸಲ. ಕೇಳುವ ಪ್ರತಿಯೊಬ್ಬರಿಗೂ ಅದು ಮೊದಲ ಸಲ. ಉತ್ತರ ಕೊಡುವವನಿಗೆ ಮಾತ್ರ ಅದು ನಾಲ್ಕು ಸಾವಿರದ ಒಂದನೇ ಸಲ. ಕೇಳಿದವರಲ್ಲಿ ಯಾರೂ ಕೆಟ್ಟವರಲ್ಲದಿದ್ದರೂ ಇಷ್ಟು ಸಲ ‘ನೀನು ಇಲ್ಲಿಯವನಲ್ಲ’ ಅಂತ ನೆನಪಿಸಿಕೊಂಡರೆ ಯಾರಿಗಾದರೂ ಸುಸ್ತಾಗುತ್ತೆ.

ಅವರಿಗೆ ನಮ್ಮ ಮಾತಿನ ಒಳಗುಟ್ಟುಗಳೂ ಗೊತ್ತಿರೋದಿಲ್ಲ. ಯಾರಾದ್ರೂ ಹೇಳಿಕೊಟ್ಟರೆ ತಾನೇ! ‘ಊಟ ಆಯ್ತಾ’ ಅಂದ್ರೆ ಊಟಕ್ಕೆ ಕರೆದ ಹಾಗಲ್ಲ, “ಇಲ್ಲ” ಅಂದುಬಿಟ್ಟರೆ ಕೇಳಿದವರೇ ಪೇಚಿಗೆ ಸಿಕ್ಕಿಕೊಳ್ತಾರೆ. ಹೊರಟವರನ್ನು “ಎಲ್ಲಿಗೆ?” ಅಂತ ನೇರವಾಗಿ ಕೇಳಬಾರದು ಅಂತ ನಮ್ಮ ಅಜ್ಜಿಯಂದಿರು “ದೂರ ಹೊರಟ್ರಾ?” ಅಂತಿದ್ರು. ಹೊರಡುವಾಗ “ಹೋಗ್ತೀನಿ” ಅನ್ನಬಾರದು, “ಬರ್ತೀನಿ” ಅನ್ನಬೇಕು. ಎದ್ದು ಹೋಗ್ತಿರೋ ಮನುಷ್ಯ ‘ಬರ್ತೀನಿ’ ಅಂದ್ರೆ ಹೊಸಬರು ಏನಂತ ತಿಳ್ಕೋಬೇಕು? ಕನ್ನಡ ಕಲಿಸುವ ಕೈಪಿಡಿಗಳಲ್ಲಿ ಮೊದಲ ಪಾಠ ‘ನಮಸ್ಕಾರ’. ಆದರೆ ಕ್ಯಾಂಟೀನಿನಲ್ಲಿ ಒಬ್ಬ ಹುಡುಗ ಇನ್ನೊಬ್ಬನಿಗೆ ಕೈಮುಗಿದು ‘ನಮಸ್ಕಾರ’ ಅಂದದ್ದನ್ನು ಯಾರಾದ್ರೂ ನೋಡಿದ್ದೀರಾ? ವೈವಾ ದಿನ ಬಿಟ್ಟು?

ಸ್ವಾಹಿಲಿಯಲ್ಲೂ ಹೀಗೇ ಇದೆ. ಪೂರ್ವ ಆಫ್ರಿಕಾಕ್ಕೆ ಪ್ರವಾಸ ಹೋದವರಿಗೆ ಎಲ್ಲರೂ “ಜಾಂಬೊ!” ಅಂತಾರೆ. ಅದು ಹೆಚ್ಚಾಗಿ ಪ್ರವಾಸಿಗರಿಗೆಂದೇ ಇಟ್ಟಿರೋ ಮಾತು. ಅಲ್ಲಿನ ಹುಡುಗರು ಪರಸ್ಪರ ಕೇಳೋದು “ಮಾಂಬೊ?” ಅಂತ. ಅಂದ್ರೆ ‘ವಿಷಯಗಳು’. ನಮ್ಮ “ಏನ್ ವಿಷ್ಯ?” ಇದ್ದ ಹಾಗೇ! ಅದಕ್ಕೆ ಉತ್ತರ “ಪೋವಾ”, ನಮ್ಮ ಭಾಷೆಯಲ್ಲಿ “ಆರಾಮ್”. ಸ್ವಲ್ಪ ಮರ್ಯಾದೆಯಿಂದ ಕೇಳೋದಾದ್ರೆ “ಹಬಾರಿ?”, ಅಂದ್ರೆ ‘ಸುದ್ದಿ’. ಇದು ಅರಬ್ಬಿಯ ‘ಖಬರ್’ ಪದದಿಂದ ಹುಟ್ಟಿದ್ದು. ಅದೇ ‘ಖಬರ್’ ಪರ್ಷಿಯನ್, ಉರ್ದು ದಾಟಿ ಕನ್ನಡಕ್ಕೂ ಬಂದು “ಅವನಿಗೆ ಖಬರೇ ಇಲ್ಲ” ಅನ್ನೋ ಮಾತಿನಲ್ಲಿ ಕೂತಿದೆ. ಹಿರಿಯರಿಗೆ “ಶಿಕಮೂ” ಅನ್ನಬೇಕು. ಕಾಲು ಹಿಡೀತೀನಿ ಅನ್ನೋ ಅರ್ಥದಿಂದ ಬಂದದ್ದು ಅಂತಾರೆ. ಊಟ ಮಾಡ್ತಾ ಇರೋವಾಗ ಯಾರಾದ್ರೂ ಬಂದ್ರೆ “ಕರಿಬು” ಅಂತಾರೆ, ನಾವು “ಬನ್ನಿ, ಊಟ ಮಾಡಿ” ಅನ್ನೋ ಹಾಗೆ. ಇಷ್ಟು ಹತ್ತಿರದ ಮನೆಗಳವರು ಒಂದೇ ಬೆಂಚಿನಲ್ಲಿ ಕೂತು “ವಿಚ್ ಕಂಟ್ರಿ ಬ್ರೋ” ಅನ್ನೋದರಲ್ಲೇ ನಾಲ್ಕು ವರ್ಷ ಮುಗಿಸೋದು ದೊಡ್ಡ ನಷ್ಟ.

ಬರೀ ನಷ್ಟ ಆಗಿದ್ರೆ ಇಷ್ಟು ಬರೆಯುವ ಅಗತ್ಯ ಇರಲಿಲ್ಲ. ನಮ್ಮದೇ ಉತ್ತರ ಬೆಂಗಳೂರಿನಲ್ಲಿ ಇದಕ್ಕಿಂತ ದೊಡ್ಡ ಬೆಲೆ ತೆತ್ತವರಿದ್ದಾರೆ.

2016ರ ಜನವರಿ 31ರ ರಾತ್ರಿ ಹೆಸರಘಟ್ಟ ರಸ್ತೆಯಲ್ಲಿ ಸುಡಾನಿನ ವಿದ್ಯಾರ್ಥಿಯೊಬ್ಬ ಓಡಿಸುತ್ತಿದ್ದ ಕಾರು ಡಿಕ್ಕಿ ಹೊಡೆದು ಸ್ಥಳೀಯ ಮಹಿಳೆಯೊಬ್ಬರು ತೀರಿಕೊಂಡರು. ಅದು ಘೋರ ಅಪಘಾತ. ಆ ಮನೆಯವರ ದುಃಖ, ಸುತ್ತಲಿನವರ ಸಿಟ್ಟು ಯಾರಿಗಾದರೂ ಅರ್ಥ ಆಗುವಂಥದ್ದು. ಸ್ವಲ್ಪ ಹೊತ್ತಿನ ನಂತರ ಅದೇ ದಾರಿಯಲ್ಲಿ ಇನ್ನೊಂದು ಕಾರು ಬಂತು. ಅದರಲ್ಲಿದ್ದದ್ದು ತಾಂಜಾನಿಯಾದ ವಿದ್ಯಾರ್ಥಿನಿ ಮತ್ತು ಅವಳ ಗೆಳೆಯರು. ಅಪಘಾತಕ್ಕೂ ಅವರಿಗೂ ಯಾವ ಸಂಬಂಧವೂ ಇರಲಿಲ್ಲ. ಗುಂಪು ಅವರ ಮೇಲೆ ಬಿತ್ತು. ಆ ಹುಡುಗಿಯನ್ನು ಹೊಡೆದರು, ಬಟ್ಟೆ ಹರಿದರು, ಕಾರಿಗೆ ಬೆಂಕಿ ಹಚ್ಚಿದರು. ತಪ್ಪಿಸಿಕೊಳ್ಳಲು ಬಸ್ ಹತ್ತಿದಾಗ ಒಳಗಿದ್ದವರು ಹೊರಗೆ ದೂಡಿದರು ಅಂತ ಆಗ ವರದಿಯಾಯಿತು. ಆಕೆಗೆ ಟಿ-ಶರ್ಟ್ ಕೊಡಲು ಬಂದ ಒಬ್ಬರಿಗೂ ಏಟು ಬಿತ್ತು ಅಂತಲೂ ವರದಿಯಾಯಿತು. ಆಮೇಲೆ ಬಂಧನಗಳಾದವು, ಪೊಲೀಸ್ ಸಿಬ್ಬಂದಿ ಅಮಾನತಾದರು, ವಿಷಯ ದೆಹಲಿಯವರೆಗೂ ಹೋಯಿತು.

ಮ್ಯಾಪ್ ತೆಗೆದು ನೋಡಿ. ಸುಡಾನಿಗೂ ತಾಂಜಾನಿಯಾಗೂ ಗಡಿ ಕೂಡ ಇಲ್ಲ. ರಸ್ತೆಯಲ್ಲಿ ಹೋದರೂ ನಡುವೆ ಕಡಿಮೆ ಅಂದ್ರೆ ಎರಡು ದೇಶ ದಾಟಬೇಕು. ಒಬ್ಬನ ಭಾಷೆ ಅರಬ್ಬಿ, ಇನ್ನೊಬ್ಬಳ ಭಾಷೆ ಸ್ವಾಹಿಲಿ. ಆದರೆ ಆ ರಾತ್ರಿ ಗುಂಪಿನ ಕಣ್ಣಿಗೆ ಇದ್ದದ್ದು ಒಂದೇ ಮುಖ. “ಇವಳು ನಮ್ಮ ಬೀದಿ ಹುಡುಗಿ, ದಿನಾ ನಮ್ಮಂಗಡೀಲಿ ಹಾಲು ತಗೊಳ್ತಾಳೆ, ಇವಳನ್ನ ಬಿಡ್ರೋ” ಅನ್ನಲು ಒಬ್ಬರಿಗೆ ಅವಳ ಪರಿಚಯ ಇದ್ದು, ಅವರ ಹಿಂದೆ ಇನ್ನಿಬ್ಬರು ನಿಂತಿದ್ದರೆ? ಆಗ ಎಲ್ಲವೂ ತಪ್ಪುತ್ತಿತ್ತು ಅಂತ ಯಾರೂ ಗ್ಯಾರಂಟಿ ಕೊಡಲಾರರು. ಆದರೆ ಸಿಟ್ಟಾದ ಗುಂಪಿನ ಮುಂದೆ ಒಬ್ಬ ಮನುಷ್ಯ ‘ಅವರಲ್ಲೊಬ್ಬ’ ಆಗದೆ ‘ಇವನು’ ಆಗಿ ಉಳಿಯಲು ಮೊದಲೇ ಯಾರಿಗಾದರೂ ಅವನ ಪರಿಚಯ ಇರಬೇಕು. ಆ ಪರಿಚಯ ಒಂದೇ ರಾತ್ರಿಯಲ್ಲಿ ಆಗೋದಿಲ್ಲ, ದಿನಾ ಬೆಳಗ್ಗೆ ಎರಡೆರಡು ಮಾತಿನಲ್ಲಿ ಆಗುತ್ತೆ.

ಅದಕ್ಕೂ ನಾಲ್ಕು ವರ್ಷ ಹಿಂದೆ, 2012ರ ಆಗಸ್ಟ್. ಅಸ್ಸಾಮಿನ ಕೊಕ್ರಝಾರ್ ಕಡೆಯ ಹಿಂಸಾಚಾರದ ನಂತರ ‘ಬೆಂಗಳೂರಿನಲ್ಲಿರೋ ಈಶಾನ್ಯದವರ ಮೇಲೆ ದಾಳಿ ಆಗುತ್ತೆ’ ಅಂತ ಮೊಬೈಲುಗಳಲ್ಲಿ ಸುದ್ದಿ ಹಬ್ಬಿತು. ಸಾವಿರಾರು ಜನ ಬ್ಯಾಗ್ ಹಿಡಿದು ಮೆಜೆಸ್ಟಿಕ್ ರೈಲು ನಿಲ್ದಾಣಕ್ಕೆ ಓಡಿದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಸಚಿವರು ಸ್ಟೇಷನ್ನಿಗೇ ಬಂದು ಹೋಗಬೇಡಿ ಅಂತ ಕೇಳಿಕೊಂಡರು. ಒಬ್ಬರು ಒಟ್ಟಿಗೆ ಐದಕ್ಕಿಂತ ಹೆಚ್ಚು ಎಸ್ಸೆಮ್ಮೆಸ್ ಕಳಿಸದಂತೆ ಕೇಂದ್ರ ಸರ್ಕಾರ ಕೆಲವು ದಿನ ತಡೆ ಹಾಕಿತು. ಅವರು ವಿದೇಶಿಯರಲ್ಲ, ನಮ್ಮದೇ ದೇಶದವರು. ಆದರೂ ಗುರುತಿಲ್ಲದ ಒಂದು ಮೆಸೇಜನ್ನು ನಂಬಿದಷ್ಟು ಅವರು ಈ ಊರನ್ನು ನಂಬಲಿಲ್ಲ. ನಂಬಬೇಕಾದರೆ ಪಕ್ಕದ ಮನೆಯವರು ಅದಕ್ಕೂ ಮೊದಲೇ ಮಾತಾಡಿಸಿರಬೇಕಿತ್ತು. ಯಾರೂ ಎಂದೂ ಮಾತಾಡಿಸದ ಬೀದಿಯಲ್ಲಿ “ಏನೂ ಆಗಲ್ಲ, ಇರಿ” ಅಂತ ಹಠಾತ್ತನೆ ಒಂದು ದಿನ ಹೇಳಿದರೆ ಯಾರು ತಾನೇ ನಂಬ್ತಾರೆ?

ಇನ್ನು ಮುಖ ನೋಡಿ ದೇಶ ಹೇಳುವ ನಮ್ಮ ವಿದ್ಯೆ ಎಷ್ಟು ಕೆಟ್ಟದ್ದು ಅಂತಲೂ ನೋಡೋಣ. ಅಪಾರ್ಟ್‌ಮೆಂಟ್ ಗೇಟಿನಲ್ಲಿ ದಿನಾ ಸೆಲ್ಯೂಟ್ ಹೊಡೆಯುವ ನೇಪಾಳದ ಸೆಕ್ಯೂರಿಟಿ ಗಾರ್ಡ್ ಕಾನೂನಿನ ಪ್ರಕಾರ ಪಕ್ಕಾ ವಿದೇಶಿ. 1950ರ ಭಾರತ-ನೇಪಾಳ ಒಪ್ಪಂದದ ಕಾರಣ ಅವನಿಗೆ ವೀಸಾ ಬೇಡ. ಅವನನ್ನು ‘ಫಾರಿನರ್’ ಅಂತ ನಾವ್ಯಾರೂ ಅಂದುಕೊಳ್ಳೋದೇ ಇಲ್ಲ, ಸೆಲ್ಫಿಯನ್ನೂ ಕೇಳೋದಿಲ್ಲ. ಮಿಜೋರಾಮಿನ ಹುಡುಗಿ ಭಾರತೀಯಳು, ಅವಳನ್ನು ‘ಚೈನಾನಾ?’ ಅಂತ ಕೇಳ್ತಾರೆ. ಎಲ್ಲಕ್ಕಿಂತ ಹೆಚ್ಚಿನ ವಿಪರ್ಯಾಸ ನಮ್ಮ ಸಿದ್ದಿಗಳದ್ದು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆ ತಲೆಮಾರುಗಳಿಂದ ಇರುವವರು ಅವರು. ಪೂರ್ವಜರು ನೂರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಬಂದವರು, ಬಹಳ ಮಂದಿ ಪೋರ್ಚುಗೀಸರ ಕಾಲದಲ್ಲಿ ಗೋವಾ ಮೂಲಕ ಗುಲಾಮರಾಗಿ. ಉತ್ತರ ಕನ್ನಡದ ಸಿದ್ದಿಗಳನ್ನು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. 2020ರಲ್ಲಿ ಶಾಂತಾರಾಮ ಸಿದ್ದಿ ನಮ್ಮ ವಿಧಾನ ಪರಿಷತ್ತಿನ ಸದಸ್ಯರಾದರು. ಇಷ್ಟಾದರೂ ಸಿದ್ದಿ ಯುವಕರು ಬೆಂಗಳೂರಿಗೆ ಬಂದರೆ “ವಿಚ್ ಕಂಟ್ರಿ?” ಅನ್ನೋ ಪ್ರಶ್ನೆ ತಪ್ಪೋದಿಲ್ಲ. ಅಚ್ಚ ಕನ್ನಡದಲ್ಲಿ ಉತ್ತರ ಕೊಟ್ಟರೆ “ಅರೆ, ಕನ್ನಡ ಎಷ್ಟು ಚೆನ್ನಾಗಿ ಕಲ್ತಿದ್ದೀರಾ!” ಅನ್ನೋ ಶಭಾಷ್‌ಗಿರಿ ಬೇರೆ. ಕನ್ನಡಿಗರಿಗೇ ಕನ್ನಡ ಬಂದದ್ದಕ್ಕೆ ಸರ್ಟಿಫಿಕೇಟ್!

ಈಗ ಕನ್ನಡಿ ತಿರುಗಿಸೋಣ. ನಮ್ಮ ಫೈನಲ್ ಇಯರ್‌ನಲ್ಲಿ ಎಷ್ಟು ಜನ ಜಿಆರ್‌ಇ ಪುಸ್ತಕ ಹಿಡಿದಿದ್ದಾರೆ, ಎಷ್ಟು ಜನ ಜರ್ಮನ್ ಎ-ಒನ್ ಕ್ಲಾಸಿಗೆ ಹೋಗ್ತಿದ್ದಾರೆ ಎಣಿಸಿ ನೋಡಿ. ಒಂದೆರಡು ವರ್ಷದಲ್ಲಿ ಎದ್ದು ಕಾಣೋ ಸರದಿ ಅವರದ್ದು. ಅಮೆರಿಕದಲ್ಲಿ “ಹೌ ಆರ್ ಯೂ?” ಅಂದಾಗ ನೆಗಡಿ, ಜ್ವರ, ಡಿಪಾಸಿಟ್ ಕಷ್ಟ ಎಲ್ಲಾ ಹೇಳಲು ಹೊರಟರೆ ಕೇಳಿದವರು ಆಗಲೇ ಹತ್ತು ಹೆಜ್ಜೆ ಮುಂದೆ ಹೋಗಿರ್ತಾರೆ. ಅದು ಅವರ ‘ತಿಂಡಿ ಆಯ್ತಾ’. ಜರ್ಮನಿಯ ಆಫೀಸುಗಳಲ್ಲಿ ಮಧ್ಯಾಹ್ನ ಎದುರಾದವರು “ಮಾಲ್‌ತ್ಸೈಟ್!” ಅಂತಾರೆ, ಅಕ್ಷರಶಃ ‘ಊಟದ ಹೊತ್ತು’. ಹ್ಯಾಂಬರ್ಗ್ ಕಡೆ ಬೆಳಗ್ಗೆಯಿಂದ ರಾತ್ರಿವರೆಗೂ “ಮೊಯಿನ್” ಅಂದ್ರೆ ಸಾಕು. ಇದನ್ನು ಯಾರೋ ಒಬ್ಬ ಸಹೋದ್ಯೋಗಿ ತಾನಾಗಿ ಹೇಳಿಕೊಟ್ಟರೆ ಆ ಊರು ಅಲ್ಲಿಂದ ಸ್ವಲ್ಪ ನಮ್ಮದಾಗುತ್ತೆ. ಯಾರೂ ಹೇಳಿಕೊಡದೆ ಎಲ್ಲರೂ “ನೀನು ನಿಜವಾಗಿ ಎಲ್ಲಿಯವನು?” ಅಂತಲೇ ಕೇಳ್ತಿದ್ದರೆ ಸಂಬಳ ಎಷ್ಟೇ ಬರಲಿ, ಮನಸ್ಸು ಸೂಟ್‌ಕೇಸ್ ಬಿಚ್ಚೋದಿಲ್ಲ.

ಅಲ್ಲೂ ಆ ಪ್ರಶ್ನೆ ಕೆಲವೊಮ್ಮೆ ಎಲ್ಲಿಗೆ ಹೋಗಿ ನಿಲ್ಲುತ್ತೆ ಅನ್ನೋದಕ್ಕೆ ಒಂದು ಉದಾಹರಣೆ ಎಂಜಿನಿಯರ್‌ಗಳಾದ ನಾವು ಮರೆಯಬಾರದು. 2017ರ ಫೆಬ್ರವರಿ 22, ಕಾನ್ಸಾಸ್ ರಾಜ್ಯದ ಒಲೇತ. ಹೈದರಾಬಾದಿನ ಎಂಜಿನಿಯರ್ ಶ್ರೀನಿವಾಸ್ ಕೂಚಿಭೋಟ್ಲ ಕೆಲಸ ಮುಗಿಸಿ ಗೆಳೆಯನ ಜೊತೆ ದಿನಾ ಹೋಗುವ ಬಾರಿನಲ್ಲಿ ಕೂತಿದ್ದರು. ಒಬ್ಬ ಬಂದು ‘ನಿಮ್ಮದು ಯಾವ ವೀಸಾ’ ಅಂತ ಶುರು ಮಾಡಿದ. ಅವನನ್ನು ಹೊರಗೆ ಕಳಿಸಿದರು. ಬಂದೂಕು ಹಿಡಿದು ವಾಪಸ್ ಬಂದ, ‘ನನ್ನ ದೇಶ ಬಿಟ್ಟು ತೊಲಗಿ’ ಅಂತ ಕೂಗಿ ಗುಂಡು ಹಾರಿಸಿದ. ಶ್ರೀನಿವಾಸ್ ತೀರಿಕೊಂಡರು, ಗೆಳೆಯನಿಗೆ ಗಾಯವಾಯಿತು. ಹಂತಕನನ್ನು ಹಿಡಿಯಲು ಎದ್ದು ಓಡಿದ ಇಯಾನ್ ಗ್ರಿಲಟ್ ಅನ್ನೋ ಅಮೆರಿಕನ್ನಿಗೂ ಗುಂಡು ತಗುಲಿತು. ಅವರು ಬದುಕುಳಿದರು. ಹೆಸರಘಟ್ಟ ರಸ್ತೆಯಲ್ಲಿ ಟಿ-ಶರ್ಟ್ ಹಿಡಿದು ಬಂದವರನ್ನೂ ಇವರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎಲ್ಲ ಊರಲ್ಲೂ ಅಂಥ ಒಬ್ಬರು ಇರ್ತಾರೆ. ಅಂಥವರ ಸಂಖ್ಯೆಯನ್ನು ಒಂದರಿಂದ ಹತ್ತಕ್ಕೆ ಏರಿಸೋದು ಹೇಗೆ ಅನ್ನೋದೇ ನಮ್ಮ ಮುಂದಿರೋ ಪ್ರಶ್ನೆ.

“ಇದೆಲ್ಲ ಸರಿ, ಆದ್ರೆ ಅವರಲ್ಲಿ ಕೆಲವರು ವೀಸಾ ಮುಗಿದರೂ ಇರ್ತಾರೆ, ಡ್ರಗ್ಸ್ ಕೇಸಲ್ಲಿ ಸಿಕ್ಕಿಬೀಳ್ತಾರೆ” ಅನ್ನೋ ಮಾತು ಬಂದೇ ಬರುತ್ತೆ. ಅಂಥ ಕೇಸುಗಳು ಇವೆ, ಸುಳ್ಳಲ್ಲ. ಅದಕ್ಕೆ ಪೊಲೀಸರಿದ್ದಾರೆ, ನೋಂದಣಿ ಕಚೇರಿ ಇದೆ, ಕೋರ್ಟ್ ಇದೆ. ಕಾನೂನು ಹುಡುಕೋದು ಹೆಸರು ಮತ್ತು ಪಾಸ್‌ಪೋರ್ಟ್ ನಂಬರನ್ನು. ಬೀದಿ ಹುಡುಕೋದು ಮುಖವನ್ನು. ಬೆಂಗಳೂರಿನವನೊಬ್ಬ ವಿದೇಶದಲ್ಲಿ ಮೋಸ ಮಾಡಿ ಸಿಕ್ಕಿಬಿದ್ದರೆ ಅಲ್ಲಿ ಎಂಎಸ್ ಮಾಡ್ತಿರೋ ನಮ್ಮ ಸೀನಿಯರ್‌ಗಳನ್ನೆಲ್ಲ ಅನುಮಾನದಿಂದ ನೋಡೋದು ನ್ಯಾಯ ಅಂತ ನಾವು ಒಪ್ತೀವಾ?

ಇನ್ನೊಂದು ಆಕ್ಷೇಪ ನಮ್ಮ ಕನ್ನಡ ಸಂಘದ ಒಳಗಿಂದಲೇ ಬರೋದು: “ನಮ್ಮೂರಿಗೆ ಬಂದವರು ಅವರು. ಮೊದಲು ಕನ್ನಡ ಕಲೀಲಿ, ಅವರೇ ಮಾತಾಡಿಸ್ಲಿ.” ಕಲೀಬೇಕು, ಖಂಡಿತ. ಆದರೆ ಭಾಷೆ ಕಲಿಯೋದು ಬೋರ್ಡ್ ನೋಡಿ ಅಲ್ಲ, ಯಾರಾದರೂ ಆ ಭಾಷೆಯಲ್ಲಿ ಮಾತಾಡಿಸಿದಾಗ. ಮುಖ ನೋಡಿದ ಕೂಡಲೇ ಇಂಗ್ಲಿಷಿಗೋ ಹಿಂದಿಗೋ ಹಾರುವವರು ನಾವು. ಅವರು ಕಷ್ಟಪಟ್ಟು “ಊಟ ಆಯ್ತಾ” ಅಂದ್ರೆ ಉತ್ತರ ಕೊಡೋ ಬದಲು “ವಾವ್ ಬ್ರೋ, ಇನ್ನೊಂದ್ಸಲ ಹೇಳು” ಅಂತ ಮೊಬೈಲ್ ಎತ್ತಿ ರೀಲ್ಸ್ ಮಾಡೋರೂ ನಮ್ಮಲ್ಲೇ ಇದ್ದಾರೆ. ಆ ಹೊತ್ತಿಗೆ ಅವರಿಗೆ ಬೇಕಾಗಿದ್ದ ಉತ್ತರ ಚಪ್ಪಾಳೆ ಅಲ್ಲ. “ಆಯ್ತು, ನಿಮ್ದು?” ಅನ್ನೋದಷ್ಟೇ. ಪಿಂಗ್ ಕಳಿಸಿದವರಿಗೆ ರಿಪ್ಲೈ ಬರಬೇಕು. ಬಂದವರನ್ನು ಮಾತಾಡಿಸಿದರೆ ನಿಮ್ಮ ಗಂಟೇನೂ ಹೋಗೋದಿಲ್ಲ ಅನ್ನೋ ಅರ್ಥದ ಮಾತನ್ನು ಬಸವಣ್ಣನವರು 12ನೇ ಶತಮಾನದಲ್ಲೇ ಹೇಳಿಟ್ಟಿದ್ದಾರೆ. ಕನ್ನಡದ ಹೆಸರಿನಲ್ಲಿ ಸಂಘ ಕಟ್ಟಿದ ನಮಗೆ ಅದಕ್ಕಿಂತ ಹಳೆಯ ಕನ್ನಡದ ಕೆಲಸ ಇನ್ಯಾವುದಿದೆ?

ಮೆಕ್ಯಾನಿಕಲ್ ವಿಭಾಗದ ತಾಂಜಾನಿಯಾದ ಸೀನಿಯರ್ ಒಬ್ಬರನ್ನು ‘ಇಲ್ಲಿ ನಿಮಗೆ ಸಿಕ್ಕ ಒಳ್ಳೆಯ ಮಾತು ಯಾವುದು’ ಅಂತ ಕೇಳಿದೆವು. ಸ್ವಲ್ಪ ಯೋಚಿಸಿ ಹೇಳಿದರು: ಹಿಂದಿನ ಗೇಟಿನ ಟೀ ಅಂಗಡಿ ಆಂಟಿ ಒಂದು ಸಲ ಜ್ವರ ಬಂದು ಮಲಗಿ ಎದ್ದು ಹೋದಾಗ “ಏನಪ್ಪಾ, ಎರಡ್ ದಿನದಿಂದ ಕಾಣ್ಲೇ ಇಲ್ವಲ್ಲ?” ಅಂದ್ರಂತೆ. ಅರ್ಥ ಆಗದೆ ಪಕ್ಕದವರನ್ನು ಕೇಳಿ ತಿಳಿದುಕೊಂಡರಂತೆ. “ಇಲ್ಲಿ ಎಲ್ಲರಿಗೂ ನಾನು ಕಾಣ್ತೀನಿ. ಕಾಣದೇ ಇದ್ದದ್ದನ್ನು ಗಮನಿಸಿದ್ದು ಅವರೊಬ್ಬರೇ” ಅಂದರು.

ಆ ಆಂಟಿ ಯಾವ ವರ್ಕ್‌ಶಾಪಿಗೂ ಹೋದವರಲ್ಲ. ಎಲ್ಲ ಗಿರಾಕಿಗಳಿಗೂ ಕೇಳೋದನ್ನೇ ಇವರಿಗೂ ಕೇಳಿದರು, ಅದೂ ಕನ್ನಡದಲ್ಲೇ. ನಮ್ಮ ಸಲಹೆಯೂ ಇಷ್ಟೇ. ಹೊಸದಾಗಿ ಏನೂ ಮಾಡಬೇಕಿಲ್ಲ. ಗೆಳೆಯರಿಗೆ ಏನು ಕೇಳ್ತೀವೋ ಅದನ್ನೇ ಅವರಿಗೂ ಕೇಳೋಣ. ಪರಿಚಯ ಆಗೋವರೆಗೆ ‘ನೀವು’ ಅನ್ನೋಣ. ಕನ್ನಡ ತಡವರಿಸಿ ಮಾತಾಡುವವರನ್ನು ಸೀದಾ ‘ನೀನು’ ಅನ್ನೋ ಅಭ್ಯಾಸ ಈ ಊರಿನ ಕೌಂಟರುಗಳಲ್ಲಿ ಜಾಸ್ತಿ ಆಗಿದೆ. ದೇಶ ಕೇಳಿದರೆ ಅದರ ಹಿಂದೆಯೇ ಊರನ್ನೂ ಕೇಳೋಣ. ಹೆಸರನ್ನು ಅವರು ಹೇಳೋ ಹಾಗೆ ಎರಡು ಸಲ ಹೇಳಿ ಕಲಿಯೋಣ, ಫೋಟೋ ಆಮೇಲೆ ನೋಡೋಣ. ಮಾತು ಬೇಡ ಅನ್ನೋ ಮೂಡ್‌ನಲ್ಲಿದ್ದರೆ ಬಿಟ್ಟುಬಿಡೋಣ, ಬೇಸರದ ದಿನಗಳು ಅವರಿಗೂ ಇರುತ್ತವೆ.

ಸಂಘದಿಂದ ಮುಂದಿನ ಸೆಮಿಸ್ಟರ್ ‘ಕನ್ನಡ ಕಲಿ’ ತರಗತಿ ಶುರು ಮಾಡುವಾಗ ಅ, ಆ, ಇ, ಈ ಮುಂಚೆ ಒಂದು ವಾರ ಬರೀ ಇದನ್ನೇ ಕಲಿಸೋಣ ಅನ್ನೋದು ನಮ್ಮ ಪ್ರಸ್ತಾಪ: ‘ತಿಂಡಿ ಆಯ್ತಾ’, ‘ಏನ್ ಸಮಾಚಾರ’, ‘ಬರ್ತೀನಿ’, ಮತ್ತು ಅವಕ್ಕೆ ಕೊಡಬೇಕಾದ ಉತ್ತರ. ಅದೇ ತರಗತಿಯಲ್ಲಿ ಅವರು ನಮಗೆ ‘ಮಾಂಬೊ’, ‘ಪೋವಾ’ ಕಲಿಸಲಿ. ಕ್ಲಾಸು ಮುಗಿದ ಮೇಲೆ ಎಲ್ಲರೂ ಹಿಂದಿನ ಗೇಟಿನ ಟೀ ಅಂಗಡಿಗೆ ಹೋಗೋಣ. ಅಲ್ಲಿ ಪಾಠ ಮಾಡೋರು ಆಗಲೇ ಒಬ್ಬರಿದ್ದಾರೆ.